ಹಸಿ ಹಲಸಿನ ಮರಿಗೆ

ಮೊದಲು ನಿಮ್ಮ ಕಣ್ಣು ಹೋಗುವುದು ಬಡಗಿ ಆಚಾರ್ರ ಕಾಲಿನ ಹೆಬ್ಬೆರಳಿಗೆ. ಮುದ್ದೆ ಕಟ್ಟುವ ಮರದ ಬಟ್ಟಲು, ಅಂದರೆ ಮರಿಗೆ, ತೋಡಲು ಜಗಲಿಯ ಮುಂದೆ ಗೋಣಿಚೀಲ ಹಾಸಿ ಕುಳಿತಿದ್ದಾರೆ. ಸೀಳಿದ ಹಲಸಿನ ದಿಮ್ಮಿಯನ್ನು ಎರಡೂ ಅಂಗಾಲಿನ ನಡುವೆ ಅದುಮಿ ಹಿಡಿದಿದ್ದಾರೆ. ಬಾಚಿ ಮೇಲೇಳುತ್ತದೆ, ಇಳಿಯುತ್ತದೆ, ಹೆಬ್ಬೆರಳಿಂದ ಎರಡೇ ಬೆರಳು ಆಚೆ ಮರವನ್ನು ಕಚ್ಚುತ್ತದೆ. ಅರಿಸಿನದ ಕೊಂಬು ಮುರಿದ ಬಣ್ಣದ ಚಕ್ಕೆಯೊಂದು ಸಿಡಿದು ನಿಮ್ಮ ಚಪ್ಪಲಿಯ ಮೇಲೆ ಬೀಳುತ್ತದೆ. ಅವರ ಕಾಲು ಅಲ್ಲಾಡುವುದಿಲ್ಲ. ನೀವು ಮಾತ್ರ ನಿಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ.

“ಹೆದ್ರುಕಬ್ಯಾಡಿ ಸೋಮಿ. ಐವತ್ತು ವರ್ಸದಿಂದ ಬಾಚಿಗೂ ಗೊತ್ತು, ಬೆರಳ್ಗೂ ಗೊತ್ತು,” ಅನ್ನುತ್ತಾರೆ ತಲೆ ಎತ್ತದೆ.

ನೀವು ಬಂದಿರುವುದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಗೆ. ಅರಸೀಕೆರೆ ಕಡೆ ಇನ್ನೊಂದು ಹಾರನಹಳ್ಳಿ ಇದೆ, ಹೊಯ್ಸಳರ ಗುಡಿಗಳಿರುವ ಊರು. ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಅದೇ. ಅಲ್ಲಿಯ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲನ್ನು. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಇಲ್ಲಿ ನಿಮ್ಮ ಮುಂದಿರುವ ಮರದ ಗುಣವೂ ಹೆಚ್ಚುಕಮ್ಮಿ ಅಂಥದ್ದೇ. ಇವತ್ತು ಬೆಣ್ಣೆ, ದೀಪಾವಳಿಗೆ ಕಬ್ಬಿಣ.

ಆಷಾಢದ ಜಡಿಮಳೆ ಈಗಷ್ಟೇ ನಿಂತಿದೆ. ಮನೆಯ ಹಿಂದೆ ಹೊಗೆಸೊಪ್ಪಿನ ಬ್ಯಾರನ್ ಉರಿಯುತ್ತಿದೆ. ಹದಿನಾರಡಿ ಉದ್ದ, ಹದಿನಾರಡಿ ಅಗಲ, ಅಷ್ಟೇ ಎತ್ತರದ ಗೋಡೆಗಳ ಕೋಣೆ. ಒಳಗೆ ಕಡ್ಡಿಗೆ ಕಟ್ಟಿದ ವರ್ಜೀನಿಯಾ ಸೊಪ್ಪು ಅಂತಸ್ತು ಅಂತಸ್ತಾಗಿ ತೂಗುಬಿದ್ದಿದೆ, ಕೆಳಗೆ ತಗಡಿನ ಕೊಳವೆಯಲ್ಲಿ ಬಿಸಿ ಹರಿಯುತ್ತಿದೆ. ಹಸಿರು ಸೊಪ್ಪು ಹಳದಿಯಾಗಿ, ಎಲೆ ಒಣಗಿ, ಕೊನೆಗೆ ನಡುವಿನ ದಂಟು ಒಣಗುವವರೆಗೆ ಆರು ದಿನ ಆರು ರಾತ್ರಿ ಬೆಂಕಿ ಆರಬಾರದು. ಇದಕ್ಕೆ ಇಲ್ಲಿಯವರು ಹೇಳುವುದು ‘ಹದ ಮಾಡೋದು’ ಅಂತ. ಗಾಳಿ ಈ ಕಡೆ ತಿರುಗಿದಾಗ ಜೇನು ಕಾಸಿದಂಥ ಸಿಹಿ ವಾಸನೆ ಬರುತ್ತದೆ, ಅದರ ಹಿಂದೆಯೇ ಹೊಗೆ.

ಬ್ಯಾರನ್ನಿನ ಹೊಟ್ಟೆ ದೊಡ್ಡದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಲಗಳ ಬದುವಿನಲ್ಲಿದ್ದ ಎಷ್ಟೋ ಮರ ಆ ಬಾಯಿಗೆ ಹೋಗಿವೆ. ಈ ಹಲಸೂ ಹೋಗಬೇಕಿತ್ತು. ಮೊನ್ನೆಯ ಗಾಳಿಗೆ ಬುಡಮೇಲಾಗಿ ಹಿತ್ತಿಲಿನಲ್ಲಿ ಬಿದ್ದಿತ್ತು. ಮನೆಯ ಮಗ ಗರಗಸದ ಮಿಷನ್ ತರಿಸಿದ್ದ.

“ಬ್ಯಾರನ್ಗೆ ಒಂದ್ ರಾತ್ರಿಗಾದ್ರೂ ಆಯ್ತದೆ ಕಣವ್ವ.”

“ಒಂದ್ ರಾತ್ರಿಗೆ ಉರ್ಸೋ ಮರವಾ ಅದು? ನಿಮ್ಮಜ್ಜಿ ನೆಟ್ಟಿದ್ದು ಮಗ. ಮೊದ್ಲು ಆಚಾರ್ರನ್ನ ಕರ್ಕ ಬಾ.”

ಆಚಾರ್ರು ಬಂದವರೇ ದಿಮ್ಮಿಯ ತುದಿಗೆ ಉಗುರು ಒತ್ತಿ ನೋಡಿ ಜಗಳ ಬಗೆಹರಿಸಿದರಂತೆ. “ಹಸಿ ಮರ ಒಲೆಗೆ ಬರಾಕಿಲ್ಲ ಕಣಪ್ಪ, ಬರೀ ಹೊಗೆ. ನಂಗೆ ಹಸೀದೇ ಬೇಕು. ಬುಡದಲ್ಲಿ ಎರಡಡಿ ನಂಗಿರ್ಲಿ, ಮಿಕ್ಕಿದ್ದು ಒಣಗಿಸ್ಕೊ.” ಎರಡಡಿಯ ತುಂಡಿನ ಕತ್ತರಿಸಿದ ತುದಿಗಳಿಗೆ ಅವತ್ತೇ ಸಗಣಿ ಮೆತ್ತಿಸಿದರು. ನೀವು ಬರುವ ಹೊತ್ತಿಗೆ ಅದು ಒದ್ದೆ ಗೋಣಿಯಡಿ ಎರಡು ದಿನ ಕಳೆದಿತ್ತು.

ಸಗಣಿ ಯಾಕೆ ಎಂದು ಕೇಳುತ್ತೀರಿ. ಅವರು ಹೇಳುವ ಉತ್ತರ ಚಿಕ್ಕದು: “ಮರ ಬಾಯಲ್ಲಿ ಉಸಿರು ಬುಡ್ತದೆ, ಬಾಯಿ ಮುಚ್ಬೇಕು.” ಸ್ವಲ್ಪ ಬಿಡಿಸಿ ಹೇಳುವುದಾದರೆ, ಮರದ ಎಳೆಗಳು ಉದ್ದುದ್ದ ಕೊಳವೆಗಳು. ಕತ್ತರಿಸಿದ ತುದಿಯಲ್ಲಿ ಆ ಕೊಳವೆಗಳ ಬಾಯಿ ತೆರೆದಿರುತ್ತದೆ, ನೀರು ಪಕ್ಕದ ಮೈಗಿಂತ ಹತ್ತಾರು ಪಟ್ಟು ಬೇಗ ಅಲ್ಲಿಂದ ಹೊರಡುತ್ತದೆ. ಕೊಳವೆಯ ಟೊಳ್ಳಿನಲ್ಲಿರುವ ನೀರು ಹೋದರೆ ತೂಕ ಇಳಿಯುತ್ತದೆ, ಅಷ್ಟೆ. ಮರದ ಒಣತೂಕದ ಸುಮಾರು ಶೇ. 30ರಷ್ಟು ನೀರು ಉಳಿದ ಘಟ್ಟದಿಂದ ಕೊಳವೆಯ ಗೋಡೆ ಹೀರಿಕೊಂಡಿದ್ದ ನೀರು ಹೊರಡಲು ಶುರು. ಮರ ಕುಗ್ಗುವುದು ಆಗ. ಕುಗ್ಗುವುದಾದರೂ ಒಂದೇ ಸಮ ಕುಗ್ಗಿದರೆ ಆಚಾರ್ರಿಗೆ ಕೆಲಸವೇ ಇರುತ್ತಿರಲಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಸುತ್ತಿನಲ್ಲಿ ಅದರ ಹೆಚ್ಚುಕಮ್ಮಿ ಎರಡರಷ್ಟು ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಇಲ್ಲವೆನ್ನುವಷ್ಟು ಕಮ್ಮಿ. ಹೊರಗಿನ ಸುತ್ತು ಬಿಗಿಯುತ್ತದೆ, ಒಳಗಿನ ಗಾತ್ರ ಅಷ್ಟು ಇಳಿದಿರುವುದಿಲ್ಲ. ದುಂಡು ದಿಮ್ಮಿ ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಅದಕ್ಕೇ ಮರಿಗೆಗೆ ಇಡೀ ದಿಮ್ಮಿ ಬಾರದು. ನಡುವೆ ಸೀಳಬೇಕು, ತಿರುಳು ತೆಗೆಯಬೇಕು.

ಸೀಳುವ ಕೆಲಸ ಬೆಳಿಗ್ಗೆಯೇ ಆಗಿದೆ. ತುದಿಯ ತಿರುಳಿನ ಮೇಲೆ ಕೊಡಲಿ ಇಟ್ಟು ಕೊಡತಿಯಿಂದ ಹೊಡೆದಾಗ ಗೆರೆ ಮೂಡಿತು, ಗೆರೆಗೆ ಜಾಲಿಮರದ ಬೆಣೆ ಕೊಟ್ಟಾಗ ಬಾಯಿ ಬಿಟ್ಟಿತು. ಗರಗಸ ಹಾಕಿದ್ದರೆ ಐದು ನಿಮಿಷದ ಕೆಲಸ. ಆದರೆ ಗರಗಸ ತನಗೆ ಬೇಕಾದ ಕಡೆ ಹೋಗುತ್ತದೆ, ಬೆಣೆ ಮರಕ್ಕೆ ಬೇಕಾದ ಕಡೆ. ಸೀಳಿದ ಮೈ ನೋಡಿದರೆ ಎಳೆ ಎಲ್ಲಿ ನೆಟ್ಟಗಿದೆ, ಎಲ್ಲಿ ತಿರುಚಿದೆ, ಯಾವ ಕೊಂಬೆಯ ಗಂಟು ಒಳಗೆ ಅಡಗಿದೆ, ಎಲ್ಲ ಬಯಲು. ಒಂದು ಹೋಳಿನಲ್ಲಿ ಗಂಟು ಸಿಕ್ಕಿತು. ಆಚಾರ್ರು ಅದನ್ನು ನೋಡಿದ್ದೇ ಪಕ್ಕಕ್ಕೆ ನೂಕಿದರು. “ಇದು ಮಣೆಗೆ.” ಇನ್ನೊಂದು ನಿಮ್ಮ ಮುಂದಿರುವುದು.

ಹೊರಗೆ ಬಿಳಿಚಿದ ಎಳೆಮರ, ಒಳಗೆ ಹಳದಿ ಚೇಗು. ಈ ಹಳದಿ ನೀರಿಗೆ ಬಿಡುವ ಬಣ್ಣ. ಬರ್ಮಾ, ಥಾಯ್ಲೆಂಡ್ ಕಡೆ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕುತ್ತಿದ್ದದ್ದು ಹಲಸಿನ ಚಕ್ಕೆ ಕುದಿಸಿದ ನೀರಿನಲ್ಲಿ. ನಮ್ಮಲ್ಲಿ ವೀಣೆಯ ಕೊಡವೂ ಮೃದಂಗದ ಹೊಟ್ಟೆಯೂ ಇದೇ ಮರದ್ದು. ಟೊಳ್ಳು ಮಾಡಿದರೂ ಬಲ ಕಳೆದುಕೊಳ್ಳದ ಮರ ಎಂದು ಹಿಂದಿನವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಈಗ ಅಳತೆ. ಮೊಳೆ, ದಾರ, ಇದ್ದಿಲು. ಮೊಳೆ ನಡುವೆ ನಿಲ್ಲಿಸಿ ದಾರ ಎಳೆದು ಒಂದು ಸುತ್ತು ಬರೆಯುತ್ತಾರೆ, ಆಮೇಲೆ ಎಳೆಗೆ ಅಡ್ಡವಾಗಿರುವ ಎರಡು ಬದಿಯಲ್ಲಿ ಗೆರೆಯನ್ನು ಅರ್ಧ ಅಂಗುಲ ಆಚೆಗೆ ತಳ್ಳುತ್ತಾರೆ. ದುಂಡು ಸೊಟ್ಟಗಾಯಿತಲ್ಲ ಎಂದು ನಿಮಗನ್ನಿಸುತ್ತದೆ. ಒಣಗುವಾಗ ಆ ಬದಿಯೇ ಕುಗ್ಗುವುದು. ಸೊಟ್ಟಗೆ ಬರೆದದ್ದು ದುಂಡಗೆ ಬರುತ್ತದೆ. ಹೀಗೆ ಬಿಡದ ಹಳೆಯ ಮರಿಗೆಗಳು ಎಳೆಯುದ್ದಕ್ಕೆ ತುಸು ಕೋಳಿಮೊಟ್ಟೆಯಾಗಿರುತ್ತವೆ. ಎಲ್ಲಾದರೂ ಕಂಡರೆ ಗೇಣು ಹಾಕಿ ನೋಡಿ.

“ಹೊಟ್ಟೆ ಮೊದ್ಲು, ಬೆನ್ನು ಆಮ್ಯಾಕೆ.” ಒಳಗು ತೋಡುವಾಗ ಹೊರಗಿನ ಮರ ಭಾರವಾಗಿ ಅಲುಗದೆ ಕೂರಬೇಕಲ್ಲ, ಅದಕ್ಕೆ.

ಬಾಚಿ ಎಳೆಗೆ ಅಡ್ಡ ಬೀಳುತ್ತದೆ. ನಡುವಿನಿಂದ ಶುರು. ಎರಡೇಟು ಈ ಕಡೆಯಿಂದ, ಎರಡೇಟು ಆ ಕಡೆಯಿಂದ, ನಡುವಿನ ಚೂರು ತಾನೇ ಎದ್ದು ಬರುತ್ತದೆ. ಕೈಯಲ್ಲಿ ಬಿಗಿ ಇಲ್ಲ. ಬಾಚಿಯ ಕಾವನ್ನು ಎರಡು ಬೆರಳು, ಹೆಬ್ಬೆರಳು ಹಿಡಿದಿವೆ, ಉಳಿದ ಬೆರಳು ಬರೀ ಜೊತೆಗಿವೆ. ಮೇಲೆತ್ತುವುದಷ್ಟೇ ಅವರ ಕೆಲಸ, ಇಳಿಯುವುದು ಕಬ್ಬಿಣದ ತೂಕ. ಹತ್ತು ಹನ್ನೆರಡು ಏಟಿಗೊಮ್ಮೆ ನಿಲ್ಲುತ್ತಾರೆ. ಹಲಸಿನ ಅಂಟು ಅಲಗಿಗೆ ಕಟ್ಟಿಕೊಂಡಿರುತ್ತದೆ. ಪಕ್ಕದ ಕರಟದಲ್ಲಿ ಎಣ್ಣೆಬಟ್ಟೆ ಇದೆ. ಒರೆಸಿ, ಮತ್ತೆ ಏಟು. ಹಲಸಿನಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲವೆ, ಅದೇ ಉಪಾಯ.

ಬಾಚಿ ಹೊಸದಲ್ಲ. ಲಾರಿಯ ಕಮಾನುಪಟ್ಟಿಯ ತುಂಡನ್ನು ಕಮ್ಮಾರರ ಕುಲುಮೆಯಲ್ಲಿ ಬಡಿಸಿ ಮಾಡಿಸಿದ್ದು. ಕಮಾನುಪಟ್ಟಿ ಬಾಗಿ ಮತ್ತೆ ಸೆಟೆಯುವ ಉಕ್ಕು, ಅಲಗು ನಿಲ್ಲುತ್ತದೆ. ಆದರೆ ಹದ ತಪ್ಪಿದರೆ ಗಾಜಿನಂತೆ ಎಗರುತ್ತದೆ. ಕೆಂಪಗೆ ಕಾಸಿ ನೀರಿಗದ್ದಿದ ಕಬ್ಬಿಣವನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ನಿಧಾನ ಬಿಸಿಮಾಡುತ್ತಾರೆ. ಮೈಮೇಲೆ ಒಣಹುಲ್ಲಿನ ಹಳದಿ ಓಡಿಬರುತ್ತದೆ, ಹಿಂದೆಯೇ ನೇರಳೆ, ಅದರ ಹಿಂದೆ ನೀಲಿ. ಹಳದಿ ಬಾಯಿ ತಲುಪಿದ ಗಳಿಗೆಗೆ ನೀರು. ನೀಲಿಗೆ ಬಿಟ್ಟರೆ ಅಲಗು ಮೆತ್ತಗಾಯಿತು. ಸೊಪ್ಪಿಗೂ ಹದ, ಉಕ್ಕಿಗೂ ಹದ, ಎರಡರಲ್ಲೂ ನೋಡುವುದು ಹಳದಿಯನ್ನೇ. ಮಧ್ಯಾಹ್ನ ಉಣ್ಣಲಿರುವ ಮುದ್ದೆಗೂ ಅದೇ ಮಾತು ಸಲ್ಲುತ್ತದೆ. ಅಲ್ಲಿ ಬಣ್ಣವಿಲ್ಲ, ಕೋಲಿಗೆ ಸಿಗುವ ಬಿಗಿಯಿಂದ ಹದ ತಿಳಿಯಬೇಕು.

“ನೋಡ್ತೀರಾ ಒಂದ್ಕೈ?”

ಬಾಚಿ ನಿಮ್ಮ ಕೈಗೆ ಬರುತ್ತದೆ. ಅಂದುಕೊಂಡದ್ದಕ್ಕಿಂತ ಭಾರ, ಭಾರವೆಲ್ಲ ಮೂತಿಯಲ್ಲಿ. ಕಾಲಿನಲ್ಲಿ ದಿಮ್ಮಿ ಹಿಡಿಯಲು ನಿಮಗೆ ಧೈರ್ಯವಿಲ್ಲ. ಆಚಾರ್ರು ನಕ್ಕು ತಾವೇ ಹಿಡಿಯುತ್ತಾರೆ. ಮೊದಲ ಏಟು ಜಾರುತ್ತದೆ. ಎರಡನೆಯದು ಕಚ್ಚುತ್ತದೆ, ಆದರೆ ಬಿಡುವುದಿಲ್ಲ, ಅಲ್ಲಾಡಿಸಿ ಕೀಳಬೇಕಾಗುತ್ತದೆ. ಮೂರನೆಯದಕ್ಕೆ ಚಕ್ಕೆ ಎದ್ದಿತು ಅನ್ನುವಷ್ಟರಲ್ಲಿ ಅದರ ಜೊತೆ ಉದ್ದನೆಯ ಸಿಬಿರೊಂದು ಪರ್‍ ಎಂದು ಗೋಡೆಯಾಗಬೇಕಿದ್ದ ಜಾಗದಿಂದ ಸೀಳಿಕೊಂಡು ಬರುತ್ತದೆ. ನಿಮ್ಮ ಮುಖ ಇಂಗು ತಿಂದಂತಾಗುತ್ತದೆ.

ಆಚಾರ್ರು ಬೈಯುವುದಿಲ್ಲ. ನಿಮ್ಮ ತೋರುಬೆರಳು ಹಿಡಿದು ತೋಡಿದ ಗುಳಿಯ ಅಂಚಿನಿಂದ ತಳಕ್ಕೆ ಎಳೆಯುತ್ತಾರೆ: ನುಣುಪು. ತಳದಿಂದ ಅಂಚಿಗೆ ಎಳೆಯುತ್ತಾರೆ: ತರಿತರಿ. “ಹಸುವಿನ ಮೈ ನೀವ್ದಂಗೆ ನೀವ್ಬೇಕು. ಅಂಚಿಂದ ತಳಕ್ಕೆ ಇಳೀಬೇಕು, ತಳದಿಂದ ಅಂಚಿಗೆ ಹತ್ಬಾರ್ದು. ಹತ್ತುದ್ರೆ ಸಿಬಿರು ಏಳ್ತದೆ.” ಎರಡು ತುದಿಯಿಂದಲೂ ಇಳಿದು ಬಂದ ಏಟುಗಳು ತಳದಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಅಲ್ಲಿ ಬಾಚಿ ಸಾಲದು. ಗುಂಡುಬಾಯಿಯ ಉಳಿ ತೆಗೆದುಕೊಂಡು, ಕೊಡತಿ ಬಿಟ್ಟು ಅಂಗೈಯಿಂದಲೇ ನೂಕುತ್ತಾ, ಎಳೆಗೆ ಓರೆಯಾಗಿ ಎಲೆಯಷ್ಟು ತೆಳುವಾಗಿ ಹೆರೆಯುತ್ತಾರೆ. ನೀವು ಎಬ್ಬಿಸಿದ ಸಿಬಿರಿನ ಗಾಯ ಅರ್ಧ ಗಂಟೆಯಲ್ಲಿ ಮಾಯ. ಗೋಡೆ ಅಂದುಕೊಂಡದ್ದಕ್ಕಿಂತ ಒಂದು ನೂಲು ತೆಳುವಾಗಿದೆ, ಅದು ಅವರಿಗೆ ಗೊತ್ತು, ಈಗ ನಿಮಗೂ.

ಊಟಕ್ಕೆ ಕರೆ ಬರುತ್ತದೆ.

ಅಡುಗೆಮನೆಯಲ್ಲಿ ಹಳೆಯ ಮರಿಗೆ ಇದೆ. ಬಣ್ಣ ಕಾಫಿಬೀಜದ್ದು. ಇದೂ ಒಂದು ಕಾಲದಲ್ಲಿ ಅರಿಸಿನದ ಹಳದಿಯಾಗಿತ್ತು ಎಂದರೆ ನಂಬುವುದು ಕಷ್ಟ. ಒಳಮೈ ಎಷ್ಟು ನುಣುಪಾಗಿದೆಯೆಂದರೆ ಕಿಟಕಿಯ ಬೆಳಕು ಅದರಲ್ಲಿ ಮಸುಕಾಗಿ ಕಾಣುತ್ತದೆ. ಮನೆಯ ಅವ್ವ ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಿಟ್ಟನ್ನು ಕೋಲಿನಿಂದ ಕೊನೆಯ ಸಲ ತೊಳಸಿ, ಮರಿಗೆಗೆ ಬಗ್ಗಿಸುತ್ತಾರೆ. ಕೈ ನೀರಿಗದ್ದಿ, ಸುಡುವ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ, ಮರಿಗೆಯ ಇಳಿಜಾರಿನಲ್ಲಿ ಹೊರಳಿಸುತ್ತಾರೆ. ಬಟ್ಟಲಿನ ಗೋಡೆಯೇ ಅರ್ಧ ಉಂಡೆ ಕಟ್ಟಿಕೊಡುತ್ತದೆ. “ಸ್ಟೀಲ್ ತಟ್ಟೇಲಿ ಮುದ್ದೆ ತಳ ಬೆವರ್ತದೆ, ಕೈಯೂ ಸುಡ್ತದೆ. ಮರಿಗೆ ತಾನೂ ವಸಿ ನೀರು ಕುಡ್ಕೊತದೆ,” ಅನ್ನುತ್ತಾರೆ. ಹುರುಳಿಕಾಳು, ಹಲಸಿನ ಬೀಜ ಹಾಕಿದ ಬಸ್ಸಾರು. ಬೀಜ ಬಿದ್ದ ಮರದ್ದೇ ಇರಬೇಕು, ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ.

ಇದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅವರ ಹಿರಿಯರಲ್ಲಿ ಮರದ ಬಟ್ಟಲು ಮೈಮೇಲಿನ ಉಡುಪಿನಷ್ಟೇ ಸ್ವಂತದ್ದು. ನಿಲುವಂಗಿಯ ಮಡಿಕೆಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದರು. ಹುರಿದ ಬಾರ್ಲಿಯ ಹಿಟ್ಟಿಗೆ, ಅಂದರೆ ಅವರ ತ್ಸಾಂಪಾಕ್ಕೆ, ಬೆಣ್ಣೆ ಚಹಾ ಹೊಯ್ದು ಆ ಬಟ್ಟಲಿನಲ್ಲೇ ಬೆರಳಿಂದ ಕಲೆಸಿ ಉಂಡೆ ಕಟ್ಟಿ ತಿನ್ನುವುದು. ಹಿಮಾಲಯದ ಆಚೆಯ ಮುದ್ದೆ ಅನ್ನಿ. ಅವರ ಬಟ್ಟಲನ್ನು ಮರದ ಗಂಟುಗಳಿಂದ ಚರಕಿಯಲ್ಲಿ ತಿರುಗಿಸಿ ಮಾಡುತ್ತಾರೆ. ಚನ್ನಪಟ್ಟಣದವರು ಹಾಲೆಮರವನ್ನು ಚರಕಿಗೆ ಕೊಡುವಂತೆ. ಆಚಾರ್ರು ಪಕ್ಕಕ್ಕೆ ನೂಕಿದ್ದು ಕೊಂಬೆಯ ಗಂಟು; ಟಿಬೆಟಿಯನ್ನರು ಹೆಚ್ಚು ಬೆಲೆಗೆ ಕೊಳ್ಳುವುದು ಮರದ ಮೈಮೇಲೆ ಉಬ್ಬುವ ಗಂಟು. ಆ ಗಂಟಿನಲ್ಲಿ ಎಳೆ ಸುತ್ತಿಕೊಂಡಿರುತ್ತದೆ, ಸುಲಭಕ್ಕೆ ಸೀಳದು. ಚರಕಿಗೆ ಅದು ವರ, ಬಾಚಿಗೆ ಶಾಪ.

ಮಧ್ಯಾಹ್ನ ಬೆನ್ನಿನ ಕೆಲಸ. ಮರಿಗೆಯನ್ನು ಬೋರಲು ಹಾಕಿ, ಮೊದಲು ಕೊಡಲಿಯಿಂದ ಮೂಲೆಗಳನ್ನು ಹಾರಿಸಿ, ಆಮೇಲೆ ಬಾಚಿ. ಹೊರಗೆ ದಿಕ್ಕು ತಿರುವುಮುರುವು: ಈಗ ತಳದಿಂದ ಅಂಚಿನ ಕಡೆಗೆ ಇಳಿಯಬೇಕು. ಇದನ್ನು ನಾನು ಹೆಚ್ಚು ಬರೆಯುವುದಿಲ್ಲ, ನೋಡಲೂ ಅಷ್ಟೇನಿಲ್ಲ. ನೋಡಬೇಕಾದ್ದು ಅವರು ದಪ್ಪ ಅಳೆಯುವ ರೀತಿ. ಅಳತೆಕೋಲಿಲ್ಲ. ಹೆಬ್ಬೆರಳು ಒಳಗೆ, ನಡುಬೆರಳು ಹೊರಗೆ, ಅಂಚಿನ ಸುತ್ತ ಕೈ ಒಂದು ಸುತ್ತು ಬರುತ್ತದೆ. ಆಮೇಲೆ ಗೆಣ್ಣಿನಿಂದ ತಟ್ಟುತ್ತಾರೆ. ದಪ್ಪ ಇರುವಲ್ಲಿ ಒಂದು ಸದ್ದು, ತೆಳುವಾದಲ್ಲಿ ಇನ್ನೊಂದು. ನೀವು ಸಿಬಿರೆಬ್ಬಿಸಿದ ಜಾಗದಲ್ಲಿ ಸದ್ದು ಕೂದಲೆಳೆಯಷ್ಟು ಬೇರೆ. “ಇಲ್ಲಿ ನೀವಿದ್ದೀರಿ,” ಅನ್ನುತ್ತಾರೆ. ಗೋಡೆ ಒಂದು ಬೆರಳು ದಪ್ಪ, ತಳ ಒಂದೂವರೆ. ದಪ್ಪ ಒಂದೇ ಸಮನಿದ್ದರೆ ಎಲ್ಲ ಕಡೆಯೂ ಒಟ್ಟಿಗೆ ಒಣಗುತ್ತದೆ. ಹಸಿಯಿರುವಾಗಲೇ ಇಷ್ಟು ತೆಳುವಾಗಿಸಿದ್ದರಿಂದ ಮರ ಕುಗ್ಗುವಾಗ ಬಾಗಲು ಜಾಗ ಸಿಗುತ್ತದೆ, ಬಿರಿಯಬೇಕಾಗಿ ಬರುವುದಿಲ್ಲ. ಇಡೀ ದಿನದ ಕೆಲಸವೆಲ್ಲ ಈ ಬಿರುಕಿನ ವಿರುದ್ಧ ಹೂಡಿದ ಹೂಟವೇ.

ಸಂಜೆ ನಾಲ್ಕೂವರೆಗೆ ಬಾಚಿ ನಿಲ್ಲುತ್ತದೆ. ಮರಿಗೆ ಆಗಿದೆ ಎಂದುಕೊಂಡು ನೀವು ಕೈಚಾಚುತ್ತೀರಿ. ಒದ್ದೆ ಮಗುವಿನಷ್ಟು ಭಾರ, ತಣ್ಣಗೆ. ಆಚಾರ್ರು ಅದನ್ನು ನಿಮ್ಮ ಕೈಯಿಂದ ಇಸಿದುಕೊಂಡು, ಎಳೆ ತುದಿ ಕಾಣುವ ಎರಡು ಬದಿಗೆ ಮತ್ತೆ ಸಗಣಿ ಸವರಿ, ಗೋಣಿಚೀಲದೊಳಗೆ ಇಳಿಸಿ, ಸುತ್ತ ಅದೇ ಮರದ ಹಸಿ ಚಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. “ಕೊಟ್ಟಿಗೆ ಮೂಲೇಲಿ ಮಡಗವ್ವ. ಬಿಸ್ಲು ಬೀಳ್ಬಾರ್ದು, ಗಾಳಿ ಬಡೀಬಾರ್ದು. ದೀಪಾವಳಿ ಕಳೀಲಿ, ಬತ್ತೀನಿ.”

ಮೂರು ತಿಂಗಳಿಗೂ ಮೇಲೆ. ಗೋಡೆಯಾಚೆ ಸೊಪ್ಪು ಆರು ದಿನಕ್ಕೆ ಒಣಗಿ ಕಗ್ಗುಂಡಿಯ ಹರಾಜಿಗೆ ಹೋಗಲು ಸಿದ್ಧ. ಅದರ ಪಕ್ಕದಲ್ಲೇ ಇದು ಯಾವ ಬೆಂಕಿಯೂ ಇಲ್ಲದೆ ತನ್ನ ಪಾಡಿಗೆ ನೀರು ಬಿಡುತ್ತಾ ಕೂತಿರುತ್ತದೆ. ಹಬ್ಬ ಕಳೆದ ಮೇಲೆ ಆಚಾರ್ರು ಬಂದು, ಉಳಿಯಿಂದ ಒಂದು ಸುತ್ತು ಹೆರೆದು, ಗಾಜಿನ ಚೂರಿನಿಂದ ಕೆರೆದು, ಗರಗತ್ತಿ ಎಲೆಯಿಂದ ಉಜ್ಜುತ್ತಾರೆ. ಗರಗತ್ತಿ ಎಲೆಯ ಮೈ ಹಸುವಿನ ನಾಲಿಗೆಯಂತೆ ತರಿ. ಆಮೇಲೆ ಹುಚ್ಚೆಳ್ಳೆಣ್ಣೆ. ರಾಗಿ ಹೊಲದ ಅಂಚಿನಲ್ಲಿ ಹಳದಿ ಹೂ ಬಿಡುವ ಆ ಹುಚ್ಚೆಳ್ಳಿನ ಎಣ್ಣೆಗೆ ಗಾಳಿಯಲ್ಲಿ ಒಣಗಿ ಪೊರೆಗಟ್ಟುವ ಗುಣವಿದೆ; ಹರಳೆಣ್ಣೆ ಹಚ್ಚಿದರೆ ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ.

ಇಂಥ ಮರಿಗೆ ಈಗ ಯಾಕಿಲ್ಲ ಎಂದರೆ ಎಲ್ಲರೂ ಸ್ಟೀಲಿನ ಕಡೆ ಬೊಟ್ಟು ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದೆ ನೇಗಿಲು, ನೊಗ, ಕುಂಟೆ ರಿಪೇರಿಗೆಂದು ಆಚಾರ್ರಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು. ಆ ಕೆಲಸಗಳ ಸಂದಿಯಲ್ಲಿ ಮರಿಗೆ, ತೊಟ್ಟಿಲು, ಮಣೆ ಹುಟ್ಟುತ್ತಿದ್ದವು. ಟ್ರ್ಯಾಕ್ಟರ್ ಬಂದು ನೇಗಿಲು ಹೋಯಿತು, ನೇಗಿಲಿನ ಹಿಂದೆ ಆಯ ಹೋಯಿತು, ಆಚಾರ್ರ ಮಕ್ಕಳು ಮೈಸೂರಿಗೆ ಬಾಗಿಲು ಕಿಟಕಿ ಕೂರಿಸಲು ಹೋದರು. ಬಳಸುವವರು ಮರೆಯುವ ಮೊದಲೇ ಮಾಡುವವರು ಎದ್ದು ಹೋಗಿದ್ದರು. ಇವರ ಮೊಮ್ಮಗನ ಹತ್ತಿರ ಕರೆಂಟಿನ ಕಟರ್ ಇದೆ. ಬಾಚಿ ಹಿಡಿಯುತ್ತಾನಾ ಎಂದರೆ, “ಕಾಲ್ನಲ್ಲಿ ಹಿಡ್ಕಳೋಕೆ ಅವ್ನಿಗೆ ಬೂಟ್ಸು ಬಿಚ್ಚಕಾಗಾಕಿಲ್ಲ,” ಅಂದು ಗಟ್ಟಿಯಾಗಿ ನಗುತ್ತಾರೆ.

ಹೊರಡುವ ಮುಂಚೆ ಅವರು ನಿಮ್ಮ ಕೈಗೆ ಒಂದು ಹಳದಿ ಚಕ್ಕೆ ಕೊಡುತ್ತಾರೆ. ಬಸ್ಸು ಹುಣಸೂರು ದಾಟುವಷ್ಟರಲ್ಲಿ ಅದರ ಅಂಚು ಬಾಗಿರುತ್ತದೆ.

ನಿಮ್ಮ ಹಿತ್ತಿಲಿನಲ್ಲಿ ಹಲಸು ಬಿದ್ದರೆ, ಮಿಷನ್ನಿನವನಿಗೆ ಫೋನು ಮಾಡುವ ಮೊದಲು ಬುಡದ ಎರಡಡಿ ತೆಗೆದಿಡಿ. ಕತ್ತರಿಸಿದ ತುದಿಗೆ ಅವತ್ತೇ ಸಗಣಿ ಮೆತ್ತಿ, ಒದ್ದೆ ಗೋಣಿ ಹೊದಿಸಿ. ಬಾಚಿ ಹಿಡಿಯುವವರು ಸುತ್ತಲಿನ ಹಳ್ಳಿಯಲ್ಲಿ ಇನ್ನೂ ಯಾರಿದ್ದಾರೆಂದು ವಿಚಾರಿಸಿ. ತಡಮಾಡಬೇಡಿ, ಬಿಸಿಲಿಗೆ ಬಿಟ್ಟ ದಿಮ್ಮಿ ವಾರದೊಳಗೆ ಬಾಯಿ ಬಿಡುತ್ತದೆ.